ಬೀಟೆ ಪೆಟ್ಟಿಗೆಯಲ್ಲಿ ಅತ್ತೆ ಇಟ್ಟಿದ್ದ ಚಿಪ್ಪುಗಳ ಮೇಲೆಲ್ಲ ಬಿಳಿ ಪುಡಿ, ಏನು ಮಾಡಲಿ?

ಹೇಮಾವತಿ ದಡ, ಸಕಲೇಶಪುರ · ಜೂನ್ 8

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಸೋದರತ್ತೆ ನರ್ಸ್ ಆಗಿದ್ದರು. ಮದುವೆ ಆಗಲಿಲ್ಲ. ಮೊದಲು ಕಾರವಾರದಲ್ಲಿ ಕೆಲಸ, ಆಮೇಲೆ 1979ರಿಂದ ಏಳು ವರ್ಷ ಲಕ್ಷದ್ವೀಪದಲ್ಲಿ. ರಜೆ ಸಿಕ್ಕರೆ ಹಡಗಿನಲ್ಲಿ ಕೊಚ್ಚಿಗೆ ಬಂದು, ಅಲ್ಲಿಂದ ಮಂಗಳೂರು, ಆಮೇಲೆ ಶಿರಾಡಿ ಘಾಟ್ ಹತ್ತಿ ಮನೆಗೆ ಬರುತ್ತಿದ್ದರು. ನಾವು ಮಕ್ಕಳು ಮೊದಲು ಹುಡುಕುತ್ತಿದ್ದದ್ದು ಅವರ ಕೈಚೀಲವನ್ನು. ಬಟ್ಟೆ ಸುತ್ತಿದ ಚಿಪ್ಪು, ಕವಡೆ ಇದ್ದೇ ಇರುತ್ತಿತ್ತು. ಅವನ್ನು ಇಡಲಿಕ್ಕೆಂದೇ ಅಜ್ಜ ಬೀಟೆ ಮರದಲ್ಲಿ ಒಂದು ಪೆಟ್ಟಿಗೆ ಮಾಡಿಸಿಕೊಟ್ಟರು. ಒಳಗೆ 48 ಸಣ್ಣ ಖಾನೆ. ಹತ್ತಿ ಹಾಸಿ ಚಿಪ್ಪು ಇಟ್ಟು, ಕೆಳಗೆ ಒಂದೊಂದು ಚೀಟಿ.

ಅತ್ತೆ ಈ ಏಪ್ರಿಲ್‌ನಲ್ಲಿ ತೀರಿಕೊಂಡರು. ಪೆಟ್ಟಿಗೆ ನನಗೆ ಬರಬೇಕು ಅಂತ ಅವರೇ ಹೇಳಿದ್ದರಂತೆ. ಇಪ್ಪತ್ತು ವರ್ಷದಿಂದ ಅದು ಅಡುಗೆಮನೆಯ ಮೇಲಿನ ಅಟ್ಟದಲ್ಲಿತ್ತು. ಕೆಳಗಿಳಿಸಿ ತೆಗೆದು ನೋಡಿದರೆ ಹೊಟ್ಟೆ ಉರಿಯಿತು. ಅರ್ಧಕ್ಕರ್ಧ ಚಿಪ್ಪಿನ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಕನ್ನಡಿ ಹಾಗೆ ಹೊಳೆಯುತ್ತಿದ್ದ ದೊಡ್ಡ ಚುಕ್ಕೆ ಕವಡೆ ಒಂದು ಕಡೆ ಪೂರ್ತಿ ಮಂಕಾಗಿದೆ.

ಇನ್ನು ನಾನು ಮಾಡಿದ ತಪ್ಪು. ಒಂದು ವಿಡಿಯೊದಲ್ಲಿ ತೋರಿಸಿದ್ದಾರೆ ಅಂತ ಎರಡು ಚಿಪ್ಪನ್ನು ವಿನೆಗರ್‌ನಲ್ಲಿ ಅದ್ದಿದೆ. ಬುಸ್ ಅಂತ ನೊರೆ ಬಂತು. ತೆಗೆದು ಒರೆಸಿದರೆ ಬಣ್ಣವೇ ಮಸುಕು. ಅಲ್ಲಿಗೇ ನಿಲ್ಲಿಸಿದೆ. ಆದರೆ ಅಷ್ಟರಲ್ಲಿ ತೊಳೆಯಬೇಕು ಅಂತ ಹನ್ನೊಂದು ಚಿಪ್ಪನ್ನು ಹೊರಗೆ ತೆಗೆದಿಟ್ಟಿದ್ದೆ, ಅವುಗಳ ಚೀಟಿ ಎಲ್ಲ ಒಂದೇ ತಟ್ಟೆಗೆ ಹಾಕಿದ್ದೆ. ಈಗ ಯಾವ ಚೀಟಿ ಯಾವುದರದ್ದು ಅಂತ ಗೊತ್ತಾಗುತ್ತಿಲ್ಲ.

ಆ ಪುಡಿ ಏನು? ಉಳಿದದ್ದನ್ನು ಹೇಗೆ ಉಳಿಸಿಕೊಳ್ಳಲಿ? ಇವುಗಳ ಹೆಸರು ತಿಳಿಯುವುದು ಹೇಗೆ? ಪೆಟ್ಟಿಗೆ ಮತ್ತು ಚಿಪ್ಪುಗಳ ಫೋಟೊ ಹಾಕಿದ್ದೇನೆ. ಅದರಲ್ಲಿರುವ ಶಂಖವನ್ನು ಅಪ್ಪ ಬಲಮುರಿ ಅನ್ನುತ್ತಾರೆ.

ಬಾಳೆಹೊನ್ನೂರು ತೋಟ · ಜೂನ್ 8

ಅಕ್ಕ, ಅದು ಬೂಷ್ಟು. ನಮ್ಮ ಮಲೆನಾಡಿನಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಎಲ್ಲದಕ್ಕೂ ಹಿಡಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಸವರಿ. ಇಲ್ಲದಿದ್ದರೆ ಒಂದು ಕೋಟ್ ವಾರ್ನಿಷ್ ಹೊಡೆದುಬಿಡಿ, ಜನ್ಮದಲ್ಲಿ ಏನೂ ಆಗುವುದಿಲ್ಲ.

ರಸಾಯನ ಪಾಠ, ಹಾಸನ · ಜೂನ್ 8

ವಾರ್ನಿಷ್ ಬೇಡ, ಎಣ್ಣೆಯೂ ಬೇಡ. ದಯವಿಟ್ಟು ಎರಡು ನಿಮಿಷ ತಡೆಯಿರಿ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ, ಈ ಪುಡಿಯ ವಿಷಯ ನನಗೆ ಗೊತ್ತು.

ಮೊದಲು ಬೂಷ್ಟೋ ಅಲ್ಲವೋ ನೋಡಿ. ಭೂತಗನ್ನಡಿ ಹಿಡಿದರೆ ಬೂಷ್ಟು ನೂಲಿನ ಹಾಗೆ, ಹತ್ತಿಯ ಹಾಗೆ ಕಾಣುತ್ತದೆ. ಒರೆಸಿದರೆ ಕೆಳಗೆ ಹೊಳಪು ಹಾಗೇ ಇರುತ್ತದೆ. ನಿಮ್ಮದರಲ್ಲಿ ಹರಳು ಹರಳು ಪುಡಿ, ಒರೆಸಿದರೆ ಕೆಳಗೆ ಮಂಕು, ಸಣ್ಣ ಗುಳಿ ಇರಬಹುದು. ಹಾಗಿದ್ದರೆ ಅದನ್ನು ಬೈನ್ ರೋಗ ಅನ್ನುತ್ತಾರೆ. 1899ರಲ್ಲಿ ಇಂಗ್ಲೆಂಡಿನ ಬೈನ್ ಎಂಬುವರು ಇದರ ಬಗ್ಗೆ ಬರೆದರು. ಬ್ಯಾಕ್ಟೀರಿಯಾದಿಂದ ಬರುವ ರೋಗ, ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಅಂಟುತ್ತದೆ ಅಂತ ಅವರು ತಿಳಿದಿದ್ದರು. ಅದು ರೋಗವೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಉಳಿದುಕೊಂಡಿದೆ.

ಆಗಿರುವುದು ಇಷ್ಟು. ಚಿಪ್ಪು ಎಂದರೆ ಸುಣ್ಣದ ಜಾತಿ, ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಸುಟ್ಟೇ ಅಲ್ವಾ ಎಲೆ ಅಡಿಕೆಗೆ ಸುಣ್ಣ ಮಾಡುತ್ತಿದ್ದದ್ದು? ಸುಣ್ಣಕ್ಕೆ ಹುಳಿ ಕಂಡರೆ ಆಗದು. ಮರದಿಂದ ಯಾವಾಗಲೂ ಸ್ವಲ್ಪ ಸ್ವಲ್ಪ ಹುಳಿ ಆವಿ ಬರುತ್ತಿರುತ್ತದೆ. ಅಸಿಟಿಕ್ ಆಮ್ಲ, ಫಾರ್ಮಿಕ್ ಆಮ್ಲ. ಓಕ್ ಮರಕ್ಕೆ ಇದರಲ್ಲಿ ಕೆಟ್ಟ ಹೆಸರು. ಆದರೆ ಎಲ್ಲ ಮರದಲ್ಲೂ ಇದ್ದದ್ದೇ. ಪ್ಲೈವುಡ್, ರಟ್ಟಿನ ಡಬ್ಬ, ಹಳೆ ಪೇಪರ್ ಕೂಡ ಬಿಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಹೊರಗೆ ಹೋಗಲು ದಾರಿಯಿಲ್ಲ. ಜೊತೆಗೆ ನಮ್ಮ ಮಳೆಗಾಲದ ತೇವ. ಹತ್ತಿ ಆ ತೇವವನ್ನು ಹೀರಿ ಚಿಪ್ಪಿಗೆ ಒತ್ತಿ ಹಿಡಿದುಕೊಳ್ಳುತ್ತದೆ. ಎಲ್ಲ ಸೇರಿ ಚಿಪ್ಪಿನ ಮೈಯೇ ಸ್ವಲ್ಪ ಸ್ವಲ್ಪ ಉಪ್ಪಾಗಿ ಮೇಲೆ ಪುಡಿ ಬರುತ್ತದೆ. ಅಂದರೆ ಆ ಪುಡಿ ಹೊರಗಿನಿಂದ ಬಂದು ಕೂತದ್ದಲ್ಲ, ಅದು ಚಿಪ್ಪೇ.

ನೀವು ಹೇಳಿದ ಇನ್ನೊಂದು ಮಾತು ನನಗೆ ಮುಖ್ಯ ಅನಿಸಿತು. ಅಡುಗೆಮನೆ ಮೇಲಿನ ಅಟ್ಟ. ಸೌದೆ ಒಲೆ ಇತ್ತಾ? ಸೌದೆ ಹೊಗೆಯಲ್ಲೂ ಇವೇ ಹುಳಿಗಳಿವೆ. ಅಟ್ಟದಲ್ಲಿಟ್ಟರೆ ಹೊಗೆಗೆ ಹುಳ ಬರುವುದಿಲ್ಲ ಅಂತ ಹಿರಿಯರು ಇಡುತ್ತಿದ್ದರು. ಬಿದಿರಿಗೆ, ಬೀಜಕ್ಕೆ ಅದು ಸರಿ. ಚಿಪ್ಪಿಗೆ ಅದೇ ವಿಷ. ವಿನೆಗರ್‌ನಲ್ಲಿರುವುದೂ ಅಸಿಟಿಕ್ ಆಮ್ಲವೇ. ಪೆಟ್ಟಿಗೆ ಇಪ್ಪತ್ತು ವರ್ಷದಲ್ಲಿ ಮಾಡಿದ ಕೆಲಸವನ್ನು ಅದು ಒಂದು ನಿಮಿಷದಲ್ಲಿ ಮಾಡಿತು, ಅಷ್ಟೇ ವ್ಯತ್ಯಾಸ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಅಂತಲೂ ಕೆಲವರು ಹೇಳುತ್ತಾರೆ, ಅದರ ಹತ್ತಿರವೂ ಹೋಗಬೇಡಿ.

ಪುಡಿ ನೀರಿನಲ್ಲಿ ಕರಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಒಂದು ಬಟ್ಟಲಿನಲ್ಲಿ ಒಂದೇ ಚಿಪ್ಪು ನೆನೆಸಿ. ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಿ, ಮೂರ್ನಾಲ್ಕು ಸಲ. ಮೆತ್ತನೆ ಬ್ರಷ್‌ನಲ್ಲಿ ಹಗುರವಾಗಿ ಆಡಿಸಿ. ಆಮೇಲೆ ಫ್ಯಾನ್ ಕೆಳಗೆ ಎರಡು ಮೂರು ದಿನ ಪೂರ್ತಿ ಒಣಗಿಸಿ, ಸುರುಳಿಯ ಒಳಗೂ ನೀರು ಉಳಿಯಬಾರದು. ಬಿಸಿಲಿಗೆ ಇಡಬೇಡಿ, ಬಣ್ಣ ಹೋಗುತ್ತದೆ. ಒಲೆ ಹತ್ತಿರವಂತೂ ಬೇಡವೇ ಬೇಡ. ಹೋದ ಹೊಳಪು ಮತ್ತೆ ಬರುವುದಿಲ್ಲ. ಇರುವುದು ನಿಲ್ಲುತ್ತದೆ.

ಆದರೆ ತೊಳೆದು ಅದೇ ಪೆಟ್ಟಿಗೆಗೆ ಇಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ.

ಹೇಮಾವತಿ ದಡ · ಜೂನ್ 9

ಮೇಡಂ, ತುಂಬಾ ಥ್ಯಾಂಕ್ಸ್. ಒಲೆ ಇತ್ತು, ಎಂಟು ವರ್ಷದ ಹಿಂದಿನವರೆಗೂ ಸೌದೆಯದ್ದೇ. ಭೂತಗನ್ನಡಿಯಲ್ಲಿ ನೋಡಿದೆ, ನೀವು ಹೇಳಿದ ಹಾಗೆ ಹರಳು. ಒಂದೆರಡರ ಮೇಲೆ ಮಾತ್ರ ನೂಲಿನ ಹಾಗಿದೆ.

ಆದರೆ ಪೆಟ್ಟಿಗೆ ಬಿಡಲು ಮನಸ್ಸು ಬರುತ್ತಿಲ್ಲ. ನಮ್ಮ ತೋಟದ್ದೇ ಮರ, ಅಜ್ಜ ನಿಂತು ಮಾಡಿಸಿದ್ದು. ಅತ್ತೆ ಪ್ರತಿ ಭಾನುವಾರ ಅದನ್ನು ತೆಗೆದು ಒಂದೊಂದೇ ಚಿಪ್ಪನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದರೆ ಅವು ಅತ್ತೆಯ ಚಿಪ್ಪು ಅನಿಸುವುದೇ ಇಲ್ಲ ನನಗೆ.

ಕೊಪ್ಪದ ಮೇಷ್ಟ್ರು · ಜೂನ್ 9

ಅಮ್ಮಾ, ನಾನು ನಿವೃತ್ತ ಜೀವಶಾಸ್ತ್ರದ ಮೇಷ್ಟ್ರು. ನೀವು ಚಿಪ್ಪಿನ ಬಗ್ಗೆ ಇಷ್ಟು ಬರೆದಿದ್ದೀರಿ, ಚೀಟಿಯಲ್ಲಿ ಏನಿದೆ ಅಂತ ಬರೆಯಲೇ ಇಲ್ಲ. ಓದಿ ಹೇಳಿ.

ಹೇಮಾವತಿ ದಡ · ಜೂನ್ 9

ಸರ್, ನಾಲ್ಕು ಚೀಟಿ ಹಾಗೇ ನಕಲು ಮಾಡಿದ್ದೇನೆ. ಕಾರವಾರ ಬಿಟ್ಟರೆ ಉಳಿದ ಹೆಸರು ಲಕ್ಷದ್ವೀಪದ ದ್ವೀಪಗಳದ್ದು.

"ಅಗತ್ತಿ. 4-2-81. ಅಮಾವಾಸ್ಯೆ ಇಳಿತ. ಕಲ್ಲಿನ ಅಡಿ. ಸತ್ತದ್ದು."
"ಕಾರವಾರ. ಮಳೆ ಬಿಟ್ಟ ಮೇಲೆ. ಬಲೆ ಒಣಗಿಸುವ ಜಾಗ."
"ಮಿನಿಕಾಯ್. ಲಗೂನ್ ಒಳಗೆ, ಮೊಣಕಾಲು ನೀರು. ಎರಡು ಬೆರಳು ಉದ್ದ. ಸತ್ತದ್ದು."
"ಕವರತ್ತಿ. ವಾರ್ಡಿನ ಹುಡುಗಿ ಕೊಟ್ಟದ್ದು. ಜ್ವರ ಬಿಟ್ಟ ದಿನ."

ಕೊಪ್ಪದ ಮೇಷ್ಟ್ರು · ಜೂನ್ 9

ಓದಿ ಸುಮ್ನೆ ಸ್ವಲ್ಪ ಹೊತ್ತು ಕೂತೆ.

ನಿಮ್ಮ ಅತ್ತೆ ಮಾಡಿದ್ದು ವಿಜ್ಞಾನಿ ಮಾಡುವ ಕೆಲಸ. ಊರು, ದಿನ, ನೀರು ಎಷ್ಟಿತ್ತು, ಕಲ್ಲೋ ಮರಳೋ, ಜೀವಂತವೋ ಸತ್ತದ್ದೋ. ಚೀಟಿ ಇಲ್ಲದ ಚಿಪ್ಪು ನೋಡಲು ಚೆಂದ, ಅಷ್ಟೇ. ಚೀಟಿ ಇದ್ದರೆ ನಲವತ್ತು ವರ್ಷದ ಹಿಂದೆ ಆ ದ್ವೀಪದ ಆ ದಂಡೆಯಲ್ಲಿ ಈ ಜೀವಿ ಇತ್ತು ಎನ್ನುವುದಕ್ಕೆ ಅದು ಸಾಕ್ಷಿ. "ಸತ್ತದ್ದು" ಎಂಬ ಪದ ಎಷ್ಟು ಚೀಟಿಯಲ್ಲಿದೆ ನೋಡಿ. ಜೀವ ಇರುವುದನ್ನು ಅವರು ತೆಗೆಯುತ್ತಿರಲಿಲ್ಲ ಅನಿಸುತ್ತದೆ.

ಹಾಗಾಗಿ ನೀರಿನ ಕೆಲಸ ಶುರು ಮಾಡುವ ಮೊದಲು ಇದನ್ನು ಮುಗಿಸಿ. ಪೆಟ್ಟಿಗೆಯ 48 ಖಾನೆಗೂ, ಖಾಲಿಯಾದ ಹನ್ನೊಂದನ್ನೂ ಸೇರಿಸಿ, ಎಡದಿಂದ ಬಲಕ್ಕೆ ನಂಬರ್ ಕೊಡಿ. ಚಿಪ್ಪು ಇನ್ನೂ ಒಳಗಿರುವ 37 ಖಾನೆಯಲ್ಲಿ ಒಂದೊಂದರದ್ದೂ ಫೋಟೊ ತೆಗೆಯಿರಿ. ಚಿಪ್ಪಿನ ಬೆನ್ನು, ಬಾಯಿ, ಪಕ್ಕದಲ್ಲಿ ಸ್ಕೇಲ್, ಚೀಟಿಯ ಎರಡೂ ಕಡೆ. ಒಂದು ನೋಟ್‌ಬುಕ್‌ಗೆ ನಂಬರ್ ಹಾಕಿ ಚೀಟಿಯ ಮಾತನ್ನು ಅಕ್ಷರ ಬಿಡದೆ ಬರೆಯಿರಿ. ಹೊಸ ಚೀಟಿಗೆ ಪೆನ್ಸಿಲ್ ಬಳಸಿ, ಬಾಲ್ ಪೆನ್ ಇಂಕು ತೇವಕ್ಕೆ ಹರಡುತ್ತದೆ. ಚಿಪ್ಪಿನ ಮೇಲೆ ಏನೂ ಅಂಟಿಸಬೇಡಿ. ಹೆಸರು ಸಿಕ್ಕಿತು ಅಂತ ಅತ್ತೆಯ ಚೀಟಿಯ ಮೇಲೆ ತಿದ್ದಬೇಡಿ. ನಿಮ್ಮದು ಬೇರೆ ಚೀಟಿ. ವಿಜ್ಞಾನಿಗಳೇ ಹೆಸರು ಬದಲಿಸುತ್ತಿರುತ್ತಾರೆ. 1758ರಲ್ಲಿ ಲಿನೇಯಸ್ ಎಂಬ ವಿಜ್ಞಾನಿ ಸಿಪ್ರಿಯಾ ಮೊನಿಟಾ ಎಂದು ಕರೆದ ಕವಡೆಯನ್ನು ಈಗ ಮೊನಿಟೇರಿಯಾ ಮೊನಿಟಾ ಅನ್ನುತ್ತಾರೆ. ಅತ್ತೆ ಬರೆದ ಊರು, ತಾರೀಕು ಮಾತ್ರ ಯಾವತ್ತೂ ಬದಲಾಗುವುದಿಲ್ಲ.

ಪೆಟ್ಟಿಗೆಯ ವಿಷಯ ನೀವೇ ನಿರ್ಧರಿಸಬೇಕು. ಆದರೆ ಅತ್ತೆ ಪ್ರೀತಿಯಿಂದ ಹಿಡಿಯುತ್ತಿದ್ದದ್ದು ಚಿಪ್ಪನ್ನು, ಅಲ್ವಾ?

ಮಲ್ಪೆ ಬಂದರು · ಜೂನ್ 10

ಫೋಟೊ ನೋಡಿದೆ. ನಾನು ದೋಣಿಯವನು, ಪುಸ್ತಕ ಓದಿದ್ದು ಆಮೇಲೆ. ಗೊತ್ತಿರುವುದನ್ನು ಹೇಳುತ್ತೇನೆ.

ದೊಡ್ಡ ಚುಕ್ಕೆ ಕವಡೆ ಹುಲಿಕವಡೆ, ಸಿಪ್ರಿಯಾ ಟೈಗ್ರಿಸ್. ಹೆಸರಿನಲ್ಲಿ ಹುಲಿ ಇದ್ದರೂ ಮೈಮೇಲೆ ಇರುವುದು ಚುಕ್ಕೆ. ಕವಡೆಯ ಹೊಳಪು ಅದರದ್ದೇ. ಜೀವ ಇರುವಾಗ ಒಳಗಿನ ಮೆತ್ತನೆ ಪದರ ಹೊರಗೆ ಬಂದು ಚಿಪ್ಪನ್ನು ಮುಚ್ಚಿಕೊಂಡಿರುತ್ತದೆ, ಹಾಗಾಗಿ ಮೈ ಗಾಜಿನ ಹಾಗೆ. ಎಣ್ಣೆ ಹಚ್ಚಿ ಆ ಹೊಳಪು ತರಲು ಆಗುವುದಿಲ್ಲ.

ಹಳದಿ, ಉಬ್ಬುತಗ್ಗಿನ ಸಣ್ಣವು ನಮ್ಮ ಚೌಕಾಬಾರದ ಕವಡೆ, ಮೇಷ್ಟ್ರು ಹೇಳಿದ ಮೊನಿಟಾ. ಬೆನ್ನಿನ ಮೇಲೆ ಕಿತ್ತಳೆ ಉಂಗುರ ಇರುವ ಎರಡು ಬೇರೆ ಜಾತಿ, ಮೊನಿಟೇರಿಯಾ ಆನ್ಯುಲಸ್. ಕವಡೆ ಕಾಸಿನ ಬೆಲೆ ಇಲ್ಲ ಅನ್ನುತ್ತೇವೆ. ಆದರೆ ಇದೇ ಕವಡೆ ಮಾಲ್ಡೀವ್ಸ್‌ನಿಂದ ಹಡಗು ತುಂಬಿ ಬಂಗಾಳಕ್ಕೆ ಹೋಗಿ, 19ನೇ ಶತಮಾನದ ಶುರುವಿನವರೆಗೂ ಅಲ್ಲಿ ದುಡ್ಡಾಗಿ ಓಡಾಡುತ್ತಿತ್ತು.

ಗುಂಡಿಯಷ್ಟು ಸಣ್ಣ, ಒಂದೊಂದೂ ಒಂದೊಂದು ಬಣ್ಣ ಇರುವ ಹಿಡಿಯಷ್ಟು ಚಿಪ್ಪು ಅಂಬೋನಿಯಮ್. ಮರಳು ದಂಡೆಯಲ್ಲಿ ರಾಶಿ ರಾಶಿ ಸಿಗುತ್ತದೆ. ಸ್ಕ್ರೂ ಹಾಗೆ ಉದ್ದಕ್ಕೆ ತಿರುಚಿಕೊಂಡದ್ದು ಟರಿಟೆಲ್ಲಾ. ಹಸಿರು ಅಂಚಿನದು ನಾವು ತಿನ್ನುವ ಪಚ್ಚಿಲೆ. ಡೇರೆ ಡೇರೆ ಚಿತ್ರ ಇರುವ ಶಂಕುವಿನ ಆಕಾರದ್ದು ಕೋನಸ್. ಜೀವಂತ ಇದ್ದರೆ ವಿಷದ ಮುಳ್ಳು ಚುಚ್ಚುತ್ತದೆ, ಕೈಯಲ್ಲಿ ಹಿಡಿಯಲೇಬಾರದು. ಖಾಲಿ ಚಿಪ್ಪಿನಿಂದ ಏನೂ ಭಯವಿಲ್ಲ.

ಶಂಖದ ಬಗ್ಗೆ ನಿಮ್ಮ ಅಪ್ಪ ಬಲಮುರಿ ಅನ್ನುತ್ತಾರೆ ಅಂದಿರಿ. ಸುರುಳಿ ತುದಿ ಮೇಲೆ ಮಾಡಿ, ಬಾಯಿ ನಿಮ್ಮ ಕಡೆ ತಿರುಗಿಸಿ. ಬಾಯಿ ನಿಮ್ಮ ಬಲಗಡೆ ಇದ್ದರೆ ಎಲ್ಲರ ಮನೆಯಲ್ಲಿರುವ ಸಾಮಾನ್ಯ ಶಂಖ. ಎಡಗಡೆ ಇದ್ದರೆ ಮಾತ್ರ ಬಲಮುರಿ. ಫೋಟೊದಲ್ಲಿ ಬಲಗಡೆ ಇದೆ. ಬಲಮುರಿ ಸಿಗುವುದು ಬಹಳ ಬಹಳ ಅಪರೂಪ. ಮಾರುಕಟ್ಟೆಯಲ್ಲಿ ಬಲಮುರಿ ಅಂತ ಮಾರುವ ಎಷ್ಟೋ ಚಿಪ್ಪು ಅಮೆರಿಕದ ಕಡೆಯ ಬೇರೆ ಜಾತಿ, ಅದು ಹುಟ್ಟುವುದೇ ಹಾಗೆ. ನಮ್ಮ ಶಂಖಕ್ಕೆ ಬಾಯಿ ಒಳಗೆ ನಡುಕಂಬದ ಮೇಲೆ ಮೂರು ನಾಲ್ಕು ಮಡಿಕೆ ಇರುತ್ತದೆ, ಅದಕ್ಕೆ ಇರುವುದಿಲ್ಲ. ನಿಮ್ಮದರಲ್ಲಿ ಮಡಿಕೆ ಚೆನ್ನಾಗಿ ಕಾಣುತ್ತಿದೆ. ಒಳ್ಳೆಯ ಶಂಖ, ಪೂಜೆಗೆ ಇಡಿ.

ಉಳಿದವುಗಳ ಫೋಟೊವನ್ನು, ಜೀವಿಗಳನ್ನು ಗುರುತಿಸಲು ನೆರವಾಗುವ ಜಾಲತಾಣ ಐನ್ಯಾಚುರಲಿಸ್ಟ್‌ನಲ್ಲಿ ಹಾಕಿ. ಇನ್ನೂ ಅನುಮಾನ ಇದ್ದರೆ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲಿದೆ, ಕೇಳಿ. ನಿಮಗೆ ಘಾಟ್ ಇಳಿದರೆ ಆಯಿತು.

ಖಾನೆ 31 ಮತ್ತು 40ರ ಬಗ್ಗೆ ನನಗೆ ಸ್ವಲ್ಪ ಚಿಂತೆ ಇದೆ. 31 ಅಲೆ ಅಲೆಯಾಗಿ ಹುರುಪೆ ಎದ್ದಿರುವ ದಪ್ಪ ಜೋಡಿ ಚಿಪ್ಪು. ಅದು ಟ್ರೈಡಾಕ್ನಾ. 40ರಲ್ಲಿ ಕೊಂಬು ಕೊಂಬಿನ ಲ್ಯಾಂಬಿಸ್ ಇದೆ. ಕಾನೂನು ಗೊತ್ತಿರುವವರು ಹೇಳಿ.

ಹೊಸ ಸದಸ್ಯ · ಜೂನ್ 10

ಟ್ರೈಡಾಕ್ನಾ ಮತ್ತು ಹುಲಿಕವಡೆ ಕೊಡುವುದಾದರೆ ಒಳ್ಳೆ ರೇಟ್ ಕೊಡುತ್ತೇನೆ. ಮೆಸೇಜ್ ಮಾಡಿ.

ವೇದಿಕೆ ನಿರ್ವಾಹಕರು · ಜೂನ್ 10

ಇಲ್ಲಿ ಕೊಳ್ಳುವ, ಮಾರುವ ಮಾತಿಗೆ ಅವಕಾಶವಿಲ್ಲ. ಯಾರೂ ಆ ಮೆಸೇಜಿಗೆ ಉತ್ತರ ಕೊಡಬೇಡಿ. ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿರುವ ಚಿಪ್ಪನ್ನು ಮಾರುವುದು ಅಪರಾಧ.

ಚಿಕ್ಕಮಗಳೂರು ವಕೀಲೆ · ಜೂನ್ 11

ಅಕ್ಕ, ಹೆದರಬೇಡಿ. ಆದರೆ ತಡ ಮಾಡಬೇಡಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2001ರಲ್ಲಿ ಕೆಲವು ಚಿಪ್ಪಿನ ಜೀವಿಗಳನ್ನು ಸೇರಿಸಿದರು. ಟ್ರೈಡಾಕ್ನಾ ಮ್ಯಾಕ್ಸಿಮಾ ಒಂದನೇ ಶೆಡ್ಯೂಲ್‌ಗೆ ಹೋಯಿತು, ಅಂದರೆ ಹುಲಿ, ಆನೆ ಇರುವ ಪಟ್ಟಿಗೆ. ಲ್ಯಾಂಬಿಸ್ ಕೈರಾಗ್ರಾ ಮತ್ತು ಅದರ ಕೆಲವು ಹತ್ತಿರದ ಜಾತಿಗಳು ಆಗ ನಾಲ್ಕನೇ ಶೆಡ್ಯೂಲ್‌ನಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಶೆಡ್ಯೂಲ್‌ಗಳನ್ನೇ ಹೊಸದಾಗಿ ಜೋಡಿಸಿದರು, ಹಾಗಾಗಿ ಹಳೆ ಪಟ್ಟಿ ನೋಡಿ ತೀರ್ಮಾನ ಮಾಡಬೇಡಿ. ಲ್ಯಾಂಬಿಸ್‌ನಲ್ಲಿ ಎಲ್ಲ ಜಾತಿಯೂ ಪಟ್ಟಿಯಲ್ಲಿ ಇರಲಿಲ್ಲ. ಕೈರಾಗ್ರಾಕ್ಕೆ ಉದ್ದವಾಗಿ ಬಾಗಿದ ಆರು ಕೊಂಬು. ನಿಮ್ಮದರ ಕೊಂಬು ಎಣಿಸಿ, ಫೋಟೊ ಇಟ್ಟುಕೊಳ್ಳಿ.

ಅತ್ತೆ ಹೆಕ್ಕಿದ ಕಾಲಕ್ಕೆ ಇವು ಪಟ್ಟಿಯಲ್ಲೇ ಇರಲಿಲ್ಲ. ಆದರೂ ಈಗ ಪೆಟ್ಟಿಗೆ ನಿಮ್ಮ ಕೈಯಲ್ಲಿದೆ. ಒಂದನೇ ಶೆಡ್ಯೂಲ್‌ನ ವಸ್ತು ವಾರಸುದಾರಿಕೆಯಿಂದ ಬಂದರೆ 90 ದಿನದೊಳಗೆ ಅರಣ್ಯ ಇಲಾಖೆಗೆ ಘೋಷಣೆ ಕೊಡಬೇಕು ಎಂದು 40ನೇ ಸೆಕ್ಷನ್ ಹೇಳುತ್ತದೆ. ಏಪ್ರಿಲ್ ಅಂದಿರಿ, ಇನ್ನೂ ಸಮಯ ಇದೆ. ಅತ್ತೆ ಹಿಂದೆ ಘೋಷಣೆ ಕೊಟ್ಟ ಕಾಗದ, ಮಾಲೀಕತ್ವದ ಪತ್ರ ಏನಾದರೂ ಅವರ ಫೈಲಿನಲ್ಲಿದೆಯಾ ಹುಡುಕಿ. ಸಿಗದಿದ್ದರೂ ಹಾಸನದ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಅತ್ತೆಯ ಚೀಟಿಗಳ ಪ್ರತಿ ಜೊತೆಗಿಡಿ. ಅಲ್ಲಿಯವರೆಗೆ ಆ ಎರಡನ್ನು ಯಾರಿಗೂ ಕೊಡಬೇಡಿ, ಉಡುಗೊರೆಯಾಗಿಯೂ ಬೇಡ.

ಕುಮಟಾ ಕಡಲು · ಜೂನ್ 12

ತಟ್ಟೆಯಲ್ಲಿ ಕಲೆತುಹೋದ ಹನ್ನೊಂದು ಚೀಟಿಯೇ ನನ್ನ ತಲೆಯಲ್ಲಿ ಓಡುತ್ತಿದೆ.

ಆ ಚಿಪ್ಪುಗಳನ್ನು ಇನ್ನೂ ತೊಳೆದಿಲ್ಲ ಅಲ್ವಾ? ತೊಳೆಯಬೇಡಿ. ಒಂದೊಂದನ್ನೂ ಕಪ್ಪು ಕಾಗದದ ಮೇಲೆ ಬಾಯಿ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ. ಸುರುಳಿ ಚಿಪ್ಪಿನ ಒಳಗೆ ಎಷ್ಟು ವರ್ಷ ಆದರೂ ನಾಲ್ಕು ಕಾಳು ಮರಳು ಇರುತ್ತದೆ. ಲಕ್ಷದ್ವೀಪದ ಮರಳು ಹವಳ ಪುಡಿಯಾದದ್ದು, ಬಿಳಿ. ನಮ್ಮ ಕಾರವಾರ ಕಡೆಯದು ಬೆಣಚುಕಲ್ಲಿನ ಮರಳು, ಮಸುಕು ಕಂದು. ಕಣ್ಣಿಗೆ ಗೊತ್ತಾಗದಿದ್ದರೆ ಆ ಮರಳಿನ ಕಾಳಿಗೆ ನಿಮ್ಮ ವಿನೆಗರ್ ಒಂದು ತೊಟ್ಟು ಹಾಕಿ. ಹವಳದ್ದಾದರೆ ಗುಳ್ಳೆ ಬರುತ್ತದೆ. ಬೆಣಚುಕಲ್ಲಾದರೆ ಸುಮ್ಮನಿರುತ್ತದೆ. ನಮ್ಮ ಮರಳಿನಲ್ಲೂ ಚಿಪ್ಪಿನ ಚೂರು ಇರುತ್ತದೆ, ಹಾಗಾಗಿ ಒಂದೇ ಕಾಳು ನೋಡಿ ನಂಬಬೇಡಿ. ಚಿಪ್ಪಿಗೆ ಮಾತ್ರ ತಾಗಿಸಬೇಡಿ.

ಆಮೇಲೆ ಅಳತೆ. ಅತ್ತೆ "ಎರಡು ಬೆರಳು" ಅಂತ ಬರೆದಿದ್ದಾರೆ. ಚೀಟಿಯ ಮೇಲೆ ಚಿಪ್ಪು ಕೂತಿದ್ದ ಗುರುತು ಇರಬಹುದು. ಇಷ್ಟು ವರ್ಷ ಒಂದೇ ಜಾಗದಲ್ಲಿದ್ದರೆ ಕಾಗದ ಸುತ್ತ ಹಳದಿಯಾಗಿ, ಚಿಪ್ಪಿನ ಅಡಿ ಮಾತ್ರ ಬೆಳ್ಳಗೆ ಉಳಿದಿರುತ್ತದೆ.

ಬಾಳೆಹೊನ್ನೂರು ತೋಟ · ಜೂನ್ 12

ವಾರ್ನಿಷ್ ಮಾತು ವಾಪಸ್ ತೆಗೆದುಕೊಂಡೆ. ಮೇಡಂ ಹೇಳಿದ್ದು ಓದಿ ನಮ್ಮಮ್ಮನ ಮುತ್ತಿನ ಸರವನ್ನೂ ಮರದ ಬೀರುವಿನಿಂದ ಹೊರಗೆ ತೆಗೆದೆ, ಮುತ್ತೂ ಇದೇ ಜಾತಿಯಲ್ವಾ.

ತೇವದ ಬಗ್ಗೆ ನನಗೆ ಅನುಭವ ಇದೆ, ಕ್ಯಾಮೆರಾ ಲೆನ್ಸ್ ಇಟ್ಟುಕೊಂಡಿದ್ದೇನೆ. ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬ ತೆಗೆದುಕೊಳ್ಳಿ, ತಳದಲ್ಲಿ 5 ಅಂತ ಇರುತ್ತದೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್, ಜೊತೆಗೆ ಸಣ್ಣ ತೇವ ಅಳೆಯುವ ಮೀಟರ್. 50ರ ಆಸುಪಾಸು ಇರಲಿ. ಜೆಲ್ ಬಣ್ಣ ಬದಲಾದರೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಹಾಕಬೇಡಿ, ಹುಳ ಬರುತ್ತದೆ.

ಹೇಮಾವತಿ ದಡ · ಜುಲೈ 3

ಇಷ್ಟು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ದಿನಾ ರಾತ್ರಿ ಇದೇ ಕೆಲಸ ಮಾಡುತ್ತಿದ್ದೆ.

ಮೊದಲು ಫೋಟೊ ಮತ್ತು ನೋಟ್‌ಬುಕ್ ಮುಗಿಸಿದೆ. ಅಪ್ಪ ಪಕ್ಕದಲ್ಲಿ ಕೂತು ಚೀಟಿ ಓದಿ ಹೇಳಿದರು. ಅಕ್ಕನ ಅಕ್ಷರ ನೋಡಿ ಎರಡು ಸಲ ಎದ್ದು ಹೋದರು.

ಆಮೇಲೆ ಮರಳು. ಕುಮಟಾದವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಹನ್ನೊಂದರಲ್ಲಿ ಒಂಬತ್ತು ಸುರುಳಿ ಚಿಪ್ಪು. ಏಳರಿಂದ ಮರಳು ಬಂತು. ಐದು ಬಿಳಿ, ಎರಡು ಕಂದು. ಬಿಳಿಗೆ ವಿನೆಗರ್ ಬಿಟ್ಟ ಕೂಡಲೇ ಗುಳ್ಳೆ, ಕಂದಿನಲ್ಲಿ ಒಂದೆರಡು ಕಾಳು ಬಿಟ್ಟರೆ ಏನೂ ಇಲ್ಲ. ಕಾರವಾರದ ಚೀಟಿ ಎರಡೇ ಇತ್ತು, ಅಲ್ಲಿಗೆ ಅವು ಬೇರೆಯಾದವು. ಉಳಿದವನ್ನು ಚೀಟಿಯ ಮೇಲಿನ ಬೆಳ್ಳನೆ ಗುರುತಿಗೆ ಹೊಂದಿಸಿ ನೋಡಿದೆ. ಒಂದು ಚೀಟಿಯಲ್ಲಿ ಹುಲಿಕವಡೆಯ ಮೊಟ್ಟೆಯಾಕಾರ ಅಚ್ಚು ಹೊಡೆದ ಹಾಗೆ ಇತ್ತು. ಒಟ್ಟು ಎಂಟು ಚೀಟಿ ತಮ್ಮ ಜಾಗಕ್ಕೆ ಹೋದವು. "ಜ್ವರ ಬಿಟ್ಟ ದಿನ" ಚೀಟಿ ಕಿತ್ತಳೆ ಉಂಗುರದ ಸಣ್ಣ ಕವಡೆಯದ್ದು. ಗುರುತು ಸರಿಯಾಗಿ ಹೊಂದುತ್ತದೆ.

ಮೂರು ಉಳಿದಿವೆ. ಮೂರೂ ಹೆಚ್ಚುಕಡಿಮೆ ಒಂದೇ ಅಳತೆ, ಮೂರೂ ದ್ವೀಪದವು. ಅಂದಾಜಿನ ಮೇಲೆ ಹೊಂದಿಸಲು ಮನಸ್ಸು ಬರಲಿಲ್ಲ. ಮೇಷ್ಟ್ರನ್ನು ಫೋನಿನಲ್ಲಿ ಕೇಳಿದೆ, ಅವರೂ ಬೇಡ ಅಂದರು. ಮೂರು ಚಿಪ್ಪು, ಮೂರು ಚೀಟಿ ಒಂದೇ ಕವರಿನಲ್ಲಿಟ್ಟು "ಇವುಗಳಲ್ಲಿ ಯಾವುದು ಯಾವುದರದ್ದು ತಿಳಿಯದು, ಕಲೆಸಿದ್ದು ನಾನು" ಎಂದು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.

ತೊಳೆಯುವ ಕೆಲಸ 26 ಚಿಪ್ಪಿಗೆ ಮುಗಿಯಿತು. ಮೂರು ದಿನ ಫ್ಯಾನ್ ಕೆಳಗೆ ಒಣಗಿಸಿ ಡಬ್ಬಕ್ಕೆ ಹಾಕಿದ್ದೇನೆ. ಹೊರಗೆ ನಮ್ಮ ಮನೆಯಲ್ಲಿ ಇವತ್ತು ಮೀಟರ್ 91 ತೋರಿಸಿತು, ಡಬ್ಬದ ಒಳಗೆ 48. ಪುಡಿ ಮತ್ತೆ ಬಂದಿಲ್ಲ.

ಹಾಸನಕ್ಕೆ ಹೋಗಿ ಅರ್ಜಿ ಕೊಟ್ಟು ಬಂದೆ, ಸ್ವೀಕೃತಿ ಸಿಕ್ಕಿದೆ. ಲ್ಯಾಂಬಿಸ್‌ಗೆ ಆರು ಕೊಂಬು ಇತ್ತು. ಅದನ್ನೂ ಸೇರಿಸಿ ಬರೆದುಕೊಟ್ಟೆ.

ಬೀಟೆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಲಿಲ್ಲ. ಒರೆಸಿ ನಡುಮನೆಯಲ್ಲಿಟ್ಟಿದ್ದೇನೆ. ಭಾನುವಾರ ಡಬ್ಬದಿಂದ ಚಿಪ್ಪು ತೆಗೆದು ಒಂದು ಗಂಟೆ ಅದರ ಖಾನೆಗಳಲ್ಲಿ ಇಟ್ಟು ನೋಡಿ, ಮತ್ತೆ ಡಬ್ಬಕ್ಕೆ ಹಾಕುತ್ತೇವೆ. ಮೇಡಂ, ಒಂದು ಗಂಟೆಯಲ್ಲಿ ಏನೂ ತೊಂದರೆ ಇಲ್ಲ ಅಲ್ವಾ?

ರಸಾಯನ ಪಾಠ, ಹಾಸನ · ಜುಲೈ 3

ಏನೂ ತೊಂದರೆ ಇಲ್ಲ. ಹತ್ತಿ ಮಾತ್ರ ತೆಗೆದುಬಿಡಿ.